ಹೊಸ ಸೀರೆಯ ಸಾಲು

ಹೋದ ತಿಂಗಳು ಘಟಪ್ರಭಾ ಸ್ಟೇಶನ್ನಿನಿಂದ ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ನನ್ನ ಬೆರಳುಗಳ ಮೇಲೆ ನನಗೇ ಸಿಟ್ಟು ಬಂತು. ಅರಭಾವಿಯಲ್ಲಿ ಇಳಿಯುವ ಕಾಲೇಜು ಹುಡುಗರು ಹಿಂದಿನ ಸೀಟುಗಳಲ್ಲಿ ಚಪ್ಪಾಳೆ ತಟ್ಟಿಕೊಂಡು ಒಂದು ಸಿನಿಮಾ ಹಾಡು ಹಾಡುತ್ತಿದ್ದರು. ಧಾಟಿ ಅಂದರೆ ಧಾಟಿ, ಕುಂತವನನ್ನು ಎಬ್ಬಿಸುವಂಥದ್ದು. ನಾನು ಮುಂದಿನ ಸೀಟಿನ ಕಂಬಿಯ ಮೇಲೆ ತಾಳ ಹಾಕುತ್ತಿದ್ದೆ. ಎರಡು ಸುತ್ತು ಮುಗಿದ ಮೇಲೆ ಮಾತುಗಳು ಕಿವಿಗೆ ಬಿದ್ದವು. ಒಬ್ಬ ಗಂಡಸು ಒಬ್ಬ ಹುಡುಗಿಗೆ, ನೀನು ಒಲ್ಲೆ ಅಂದರೂ ನಾನು ಬಿಡುವುದಿಲ್ಲ, ನಿನ್ನ ಹಾದಿ ಕಟ್ಟುತ್ತೇನೆ, ನೀನು ಅತ್ತರೂ ನನ್ನವಳೇ ಎನ್ನುತ್ತಿದ್ದ. ಹಾಡುವವರಲ್ಲಿ ಹುಡುಗಿಯರೂ ಇದ್ದರು. ಬಾಜೂ ನಿಂತಿದ್ದ ಒಬ್ಬಳಿಗೆ, ಇದರ ಅರ್ಥ ಗೊತ್ತೇನವ್ವ ಎಂದು ಕೇಳಿದೆ.

"ಮಾತ ಯಾರ ಕೇಳ್ತಾರ ಅಜ್ಜಾ, ಧಾಟಿ ಕೇಳ್ರಿ" ಅಂದಳು.

ಅವಳಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ ಒಳಗೆ ನುಗ್ಗಿತು. ಈಗ ಗಾಣಗಳು ಅಲ್ಲೊಂದು ಇಲ್ಲೊಂದು. ಆದರೂ ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಬಾಯಲ್ಲಿ ನೀರು ಬರುವುದಿಲ್ಲ, ಮೈ ಉರಿಯುತ್ತದೆ. ಆ ಹುಡುಗಿಗೆ ಹೇಳಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಸಾಲಿ ಬಿಟ್ಟಿದ್ದು ಮೂರನೇ ಇಯತ್ತೆಗೆ. ಬರವಣಿಗೆ ನೇರ ಬರದಿದ್ದರೆ ಓದುವವರು ಹೊಂದಿಸಿಕೊಳ್ಳಬೇಕು.

ನಾವು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ ಒಂದು ವರ್ಷ ಆಗಿತ್ತು. ಆ ಚಳಿಗಾಲ ನಾನು ಅರಭಾವಿ ಆಚೆಗೆ ದುಂಡಪ್ಪ ಕಾಕಾನ ಹೊಲದ ಗಾಣದಲ್ಲಿ ದುಡಿಯುತ್ತಿದ್ದೆ. ಇಪ್ಪತ್ತೆರಡರ ಪ್ರಾಯ. ಸುತ್ತಿನ ಊರುಗಳಿಗೆ ಎಣ್ಣೆಯ ಎಂಜಿನ್ನು ಬಂದಿದ್ದರೂ ಕಾಕಾ ಎತ್ತುಗಳನ್ನು ಬಿಟ್ಟಿರಲಿಲ್ಲ. ಎತ್ತಿನ ಗಾಣದ ಬೆಲ್ಲಕ್ಕೆ ಬೇರೆಯೇ ರುಚಿ ಅಂತ ಅವನ ಹಟ. ನಡುವೆ ಕಬ್ಬಿಣದ ಗಾಣ, ಅದರ ತಲೆಯ ಮೇಲೆ ಉದ್ದನೆಯ ತೊಲೆ, ತೊಲೆಯ ತುದಿಗೆ ಎತ್ತಿನ ಜೋಡಿ. ಎತ್ತು ಸುತ್ತಿದರೆ ಕಬ್ಬು ಹಿಂಡುತ್ತದೆ, ಹಾಲು ಕೊಪ್ಪರಿಗೆಗೆ ಹೋಗುತ್ತದೆ, ಹಿಂಡಿದ ಸಿಪ್ಪೆ ಒಣಗಿ ಅದೇ ಕೊಪ್ಪರಿಗೆಯ ಒಲೆಗೆ ಬೀಳುತ್ತದೆ. ಒಂದು ನಿಂತರೆ ಎಲ್ಲವೂ ನಿಂತಂತೆ.

ಎತ್ತು ಹೊಡೆಯುವುದು ನನ್ನ ಕೆಲಸ. ಎತ್ತು ಹೊಡೆಯುವುದೆಂದರೆ ಬಾರಕೋಲು ಹಿಡಿಯುವುದಲ್ಲ. ಗಾಣದ ಎತ್ತಿಗೆ ಬಾರಕೋಲು ಮುಟ್ಟಿಸಿದವನಿಗೆ ನಮ್ಮ ಕಡೆ ಮರ್ಯಾದೆ ಇರಲಿಲ್ಲ. ಎತ್ತು ನಡೆಯುತ್ತಿದ್ದುದು ಹಾಡಿಗೆ. ತೊಲೆಯ ಹಿಂದೆ ನಡೆಯುತ್ತ ನಾನು ಒಂದು ಸಾಲು ಎತ್ತಬೇಕು, ಕಬ್ಬು ಹಾಕುವವರು, ಹಾಲು ಹೊರುವವರು ಅದನ್ನು ತಿರುಗಿ ಹಾಡಬೇಕು. ದೀಪಾವಳಿಗೆ ಗಾಣ ಹೂಡಿದಾಗ ಎತ್ತಿಗೆ ಯಾವ ಹಾಡು ರೂಢಿಯಾಗುತ್ತದೋ ಹೋಳಿಹುಣ್ಣಿಮೆಗೆ ಗಾಣ ಕೀಳುವವರೆಗೂ ಅದೇ ಹಾಡು. ನಡುವೆ ಬದಲಿಸಿದರೆ ಎತ್ತು ಎಡವುತ್ತವೆ. ನಮ್ಮ ಬೆಳ್ಳನ ಎತ್ತಂತೂ ಹಾಡು ನಿಂತರೆ ತಿರುಗಿ ನನ್ನ ಮುಖ ನೋಡುತ್ತಿತ್ತು. ಹತ್ತು ಗಾಣಗಳಲ್ಲಿ ನನ್ನಷ್ಟು ದೊಡ್ಡ ಧ್ವನಿಯವನು ಇರಲಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ.

ಆ ವರ್ಷದ ಹಾಡನ್ನು ನಾನೇ ಹುಕ್ಕೇರಿ ಸಂತೆಯಿಂದ ತಂದಿದ್ದೆ. ಅಲ್ಲಿ ಹಗ್ಗ ಮಾರುವ ಒಬ್ಬ ಮುದುಕ ಹಗ್ಗ ಹೊಸೆಯುತ್ತ ಅದನ್ನು ಹಾಡುತ್ತಿದ್ದ. ಒಬ್ಬ ಹೆಣ್ಣುಮಗಳು ಗಂಡನನ್ನು ಬಿಟ್ಟು ಹೊಳೆ ದಾಟಿ ಹೋದದ್ದು, ದಾಟಿಸಿದ ಅಂಬಿಗ ಕೂಲಿ ಕೇಳದೆ ಬಿಟ್ಟದ್ದು, ಯಾಕೆ ಬಿಟ್ಟ ಅನ್ನುವುದು ಕೇಳುವವರ ನಗೆಗೆ ಬಿಟ್ಟದ್ದು. ಧಾಟಿ ಹುಚ್ಚು ಹಿಡಿಸುವಂತಿತ್ತು, ಎತ್ತಿನ ಹೆಜ್ಜೆಗೆ ಹೇಳಿ ಮಾಡಿಸಿದ್ದು. ಮೊದಲ ಸಾಲು ಮಾತ್ರ ಸಪ್ಪಗಿತ್ತು. ಹೊತ್ತು ಮುಳುಗುವಾಗ ಹೋದಳು ಅಂತ ಏನೋ ಇತ್ತು. ವಾಪಸು ಬರುವ ಹಾದಿಯಲ್ಲಿ ನಾನು ಅದನ್ನು ತೆಗೆದು ನನ್ನದೊಂದು ಸಾಲು ಕೂಡಿಸಿದೆ:

ಹೊಳಿ ದಾಟಿ ಹೋದಾಳ ಹೊಸ ಸೀರಿ ಉಟಗೊಂಡ,
ಗಂಡ ಗೋಳಾಡತಾನ ಗೋಡಿ ಹಿಡಕೊಂಡ.

ಹೊಸ ಸೀರೆ ಬಂದದ್ದೇ ಹಾಡಿಗೆ ಜೀವ ಬಂತು. ಎರಡು ತಿಂಗಳೊಳಗೆ ಗೋಕಾಕದ ಸಂತೆಯಲ್ಲಿ, ಮೂಡಲಗಿಯ ಬಂಡಿಯವರ ಬಾಯಲ್ಲಿ ನನ್ನ ಸಾಲು ನನಗೇ ಎದುರು ಬಂತು. ಸಾಲಿ ಬಿಡಿಸಿದ ಮಾಸ್ತರರು ಅಂದು ಎದುರಿಗೆ ಸಿಕ್ಕಿದ್ದರೆ ನಿಲ್ಲಿಸಿ ಹೇಳುತ್ತಿದ್ದೆ.

ಒಲೆಗೆ ಸಿಪ್ಪೆ ಹಾಕುವವಳು ಗೌರವ್ವ. ನಲವತ್ತರ ಹತ್ತಿರದವಳು. ಮಗಳು ಕಾಶವ್ವನನ್ನು ಕಟ್ಟಿಕೊಂಡು ನಮ್ಮೂರಿಗೆ ಬಂದು ವರ್ಷಗಳಾಗಿದ್ದವು. ಹುಕ್ಕೇರಿ ಕಡೆಯವಳು, ಗಂಡ ದೂರ ಎಲ್ಲೋ ಇದ್ದಾನೆ ಅನ್ನುವುದಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಅವಳಂತೆ ಉರಿ ಹಿಡಿಯುವವರನ್ನು ನಾನು ಆಮೇಲೆ ಕಾಣಲಿಲ್ಲ. ಹಾಡಿನ ಮೇಲೆ ಅವಳ ಕೈ ಓಡುತ್ತಿತ್ತು, ಸಿಪ್ಪೆಯ ಹಿಡಿ ಸರಿಯಾಗಿ ಪಲ್ಲವಿಗೆ ಒಲೆಯೊಳಗೆ ಬೀಳುತ್ತಿತ್ತು. ಎಡಗೈಗೆ ಮಾತ್ರ ಮೊಣಕೈತನಕ ಯಾವಾಗಲೂ ಒಂದು ಅರಿವೆ ಸುತ್ತಿರುತ್ತಿದ್ದಳು. ಕಬ್ಬು ಹಾಕುವ ಶಿವಲಿಂಗ, ಬಾಯಿಬಡುಕ, ಬೆಂಕಿ ನಿನ್ನ ಎಡಗೈಯನ್ನಷ್ಟೇ ಸುಡುತ್ತದೇನು ಅಂತ ಕಾಡುತ್ತಿದ್ದ. ನಾನೂ ನಗುತ್ತಿದ್ದೆ. ಅವಳೂ ನಗುತ್ತಿದ್ದಳು.

ಸಂಕ್ರಮಣ ಮುಗಿದ ಮೇಲೆ ಕಾಶವ್ವನಿಗೆ ಒಂದು ಸಂಬಂಧ ಬಂತು. ಮೂಡಲಗಿ ಹತ್ತಿರದ ಹಳ್ಳಿ, ಎರಡೆಕರೆ ನೀರಾವರಿ, ಹುಡುಗ ಕೆಲಸದವನು. ಹುಡುಗಿಯನ್ನು ನೋಡಿ ಒಪ್ಪಿದ್ದರು. ಮುಂದಿನ ಸೋಮವಾರ ಬಂದು ಮಾತು ಗಟ್ಟಿ ಮಾಡಿ ಬಳೆ ಇಡಿಸಿ ಹೋಗುತ್ತೇವೆ ಎಂದಿದ್ದರು. ನಮ್ಮಲ್ಲಿ ಮಾತು ಗಟ್ಟಿಯಾದರೆ ಬಳೆಗಾರನನ್ನು ಕರೆಸಿ ಹುಡುಗಿಗೂ ಎರಡೂ ಕಡೆಯ ತಾಯಂದಿರಿಗೂ ಹಸಿರು ಬಳೆ ಇಡಿಸುತ್ತಾರೆ. ಬಳೆ ಇಟ್ಟ ಮೇಲೆ ಮಾತು ತಿರುಗುವುದಿಲ್ಲ.

ಮರುದಿನ ಮಧ್ಯಾಹ್ನ ಎತ್ತು ಬಿಟ್ಟಾಗ ಗೌರವ್ವ ನನ್ನನ್ನು ಸಿಪ್ಪೆಯ ಬಣವೆಯ ಹಿಂದೆ ಕರೆದಳು. ಎಡಗೈಯ ಅರಿವೆ ಬಿಚ್ಚಿದಳು. ಮುಂಗೈ ಮೇಲೆ ಹಸಿರು ಹಚ್ಚೆಯ ಚೇಳು, ಕೊಂಡಿ ಎತ್ತಿದ್ದು. ಹಾಡಿನ ಕೊನೆಯ ನುಡಿಯಲ್ಲಿ, ಹೊಳೆಯ ಹಾದಿ ಹಿಡಿದವಳ ಗುರುತು ಹೀಗಿತ್ತು:

ಎಡಗೈ ಮ್ಯಾಲ ಚೇಳ ಹೊಯಿಸ್ಯಾಳ ನೀಟ,
ಗಂಡನ್ನ ಕುಟುಕಿ ಹಿಡದಾಳ ಹೊಳಿಯ ವಾಟ.

"ಅದು ನಾನ ತಮ್ಮಾ" ಅಂದಳು. "ನೀ ಛಲೋ ಹಾಡ್ತಿ. ನಾನೂ ಮನಸಿನ್ಯಾಗ ನಿನ್ನ ಕೂಡ ಹಾಡ್ತೇನಿ. ಬ್ಯಾಡಂದ್ರೂ ಹಾಡ್ತೇನಿ. ನನಗ ಸಿಟ್ಟ ಬರೂದ ಅದಕ್ಕ."

ಆಮೇಲೆ ಅವಳು ಹೇಳಿದ್ದು ಹೆಚ್ಚೇನಿಲ್ಲ. ಗಂಡ ಕುಡಿದು ಬಂದು ಕೂಸಿನ ಮೇಲೆ ಕೈ ಎತ್ತಿದ್ದ. ಎರಡು ವರ್ಷದ ಕಾಶವ್ವನಿಗೆ ಜ್ವರ. ಮೈಮೇಲಿದ್ದ ಹರಕು ಸೀರೆಯ ಸೆರಗು ಹರಿದು ಕೂಸಿಗೆ ಸುತ್ತಿ ಹೊಳೆಗೆ ಬಂದಳು. ಅಂಬಿಗ ಹಲ್ಲಿಲ್ಲದ ಮುದುಕ. ಕೂಸಿನ ಹಣೆ ಮುಟ್ಟಿ ನೋಡಿ, ಕೂಲಿ ಕೇಳದೆ ದಾಟಿಸಿ, ತನ್ನ ಕಂಬಳಿ ಕೊಟ್ಟು ಕಳಿಸಿದ. ಗಂಡನ ಅಣ್ಣತಮ್ಮಂದಿರು ಮಾನ ಉಳಿಸಿಕೊಳ್ಳಲು ಹಾಡು ಕಟ್ಟಿಸಿದರು.

"ಹೊಸ ಸೀರಿ ಮಾತ್ರ ಎಲ್ಲಿಂದ ತಂದ್ರೋ ಗೊತ್ತಿಲ್ಲ. ಮೊದಲ ಅದು ಇರಲಿಲ್ಲ" ಅಂದಳು. "ಅದ ಬಂದ ಮ್ಯಾಲ ಹಾಡ ಎಲ್ಲಾ ಕಡೆ ಹರಡೇತಿ."

ಆ ಸೀರೆ ಉಡಿಸಿದವನು ನಾನು ಎಂದು ಹೇಳಲು ನಾಲಿಗೆ ಏಳಲಿಲ್ಲ. ಅವಳು ಕೇಳಿದ್ದು ಒಂದೇ. ಬೀಗರು ಬಂದವರು ರೂಢಿಯಂತೆ ಮೊದಲು ಗಾಣಕ್ಕೆ ಬಂದು ಬಿಸಿ ಬೆಲ್ಲ ತಿಂದು, ಆಮೇಲೆ ಮನೆಗೆ ಹೋಗುತ್ತಾರೆ. ಅಲ್ಲಿ ಬಳೆಗಾರನ ಮುಂದೆ ಅವಳು ಕೈ ಬಿಚ್ಚಲೇಬೇಕು. ಹಾಡು ಕಿವಿಯಲ್ಲಿ ಬಿಸಿಯಾಗಿರುವಾಗ ಚೇಳು ಕಂಡರೆ ಮುಗಿಯಿತು. ಇಲ್ಲದಿದ್ದರೆ ಚೇಳಿನ ಹಚ್ಚೆ ಎಷ್ಟೋ ಹೆಂಗಸರ ಕೈಮೇಲಿತ್ತು, ಯಾರೂ ಕೇಳುವುದಿಲ್ಲ. ಸೋಮವಾರದ ತನಕ ಆ ಹಾಡು ಬೇಡ. ಯಾಕೆಂದು ಯಾರಿಗೂ ಹೇಳುವುದೂ ಬೇಡ.

ನಾನು ಮಾತು ಕೊಟ್ಟೆ. ಮಾತು ಕೊಟ್ಟರೆ ನಡೆಸುವವನು ಅಂತ ನನಗೆ ಹೆಸರಿತ್ತು.

ಮರುದಿನ ಬೆಳಿಗ್ಗೆ ಒಂದು ಭಜನೆಯ ಪದ ಎತ್ತಿದೆ. ಬೆಳ್ಳನ ಎತ್ತು ನಿಂತೇಬಿಟ್ಟಿತು. ಇನ್ನೊಂದು ಹೆಜ್ಜೆ ತಪ್ಪಿ ಜೋಡಿಗೆ ಒರಗಿತು. ಬೀಸುವ ಪದ ಹಾಡಿದೆ, ನಡೆದವು, ಸತ್ತವರ ಹಿಂದೆ ಹೋಗುವವರ ಹಾಗೆ. ಹಾಲು ಸಣ್ಣಗಾಯಿತು, ಕೊಪ್ಪರಿಗೆ ತುಂಬಲಿಲ್ಲ, ತಳ ಹಿಡಿದು ಮೊದಲ ಅಡಿಗೆಯ ಬೆಲ್ಲ ಕಪ್ಪಾಯಿತು. ದುಂಡಪ್ಪ ಕಾಕಾ ಬಂದು, "ಬಾಳ್ಯಾ, ಎತ್ತಿಗಿ ಜಡ್ಡ ಆಗೇತೋ ನಿನಗ ಆಗೇತೋ?" ಅಂದ. ನಾನು ಗಂಟಲು ಕೆಟ್ಟಿದೆ ಅಂದೆ. ಆದರೆ ಎತ್ತು ಹೊಡೆಯುವ ಕೆಲಸ ಬೇರೆಯವರಿಗೆ ಬಿಡಲೊಲ್ಲೆ. ಬಿಟ್ಟರೆ ಅವರು ಅದೇ ಹಾಡು ಎತ್ತುತ್ತಾರಲ್ಲ.

ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ಧಾಟಿ ಅದೇ ಇರಲಿ, ಮಾತು ಬೇರೆ ಇರಲಿ. ಊಟದ ಹೊತ್ತಿಗೆ ಒಲೆಯ ಇದ್ದಿಲಿನಿಂದ ಗೋಡೆಯ ಮೇಲೆ ನನಗೆ ಬರುವಷ್ಟು ಅಕ್ಷರ ಕೂಡಿಸಿ ಬರೆದೆ, ಅಳಿಸಿದೆ, ಬರೆದೆ:

ಹಾಲ ಹರದ ಬಂದೈತಿ ಹೊಸ ಕಬ್ಬಿನ ಗಾಣದಾಗ,
ಬೆಲ್ಲ ಕುಂತೈತಿ ಬಂಗಾರದ ಬಣ್ಣದಾಗ.

ಕೆಟ್ಟ ಸಾಲೇನಲ್ಲ. ಈಗಲೂ ಅನ್ನುತ್ತೇನೆ, ಕೆಟ್ಟ ಸಾಲಲ್ಲ. ಎತ್ತು ನಡೆದವು. ನಮ್ಮವರು ಒಂದು ಸುತ್ತು ಹಾಡಿ ನಿಂತರು.

"ಇದರಾಗ ಏನ ಮಜಾ ಐತೋ?" ಅಂದ ಶಿವಲಿಂಗ. "ಒಬ್ಬರೂ ಓಡಿ ಹೋಗಂಗಿಲ್ಲ."

ಎಲ್ಲರೂ ನಕ್ಕರು. ಆ ಹಳೆಯ ಹಾಡು ಹೊಲಸು, ಹೆಣ್ಣುಮಕ್ಕಳು ದುಡಿಯುವ ಜಾಗ ಇದು ಎಂದೆ. ದೀಪಾವಳಿಯಿಂದ ಬೊಬ್ಬೆ ಹೊಡೆದವನು ಯಾರು ಅಂತ ಕೇಳಿದರು. ಯಾರ ಜೋಡಿಯೋ ನಿನ್ನ ಮದುವೆಯ ಮಾತು ನಡೆದಿರಬೇಕು, ಅದಕ್ಕೇ ಸಂತನಾಗಿದ್ದೀ ಅಂದರು. ನಾನು ಒಬ್ಬೊಬ್ಬರ ಕೊರಳಪಟ್ಟಿ ಹಿಡಿದು ಖರೆ ಸಂಗತಿ ಹೇಳಬಹುದಿತ್ತು. ಹೇಳಿದರೆ ಆ ಹೆಣ್ಣುಮಗಳನ್ನು ನಾನೇ ಬಯಲಿಗೆ ಹಾಕಿದಂತೆ. ಹೇಳದಿದ್ದರೆ ಇವರ ಬಾಯಿಗೆ ಬೀಗವಿಲ್ಲ. ನಾನು ಹೊಸ ಸಾಲು ಎತ್ತಿದರೆ ಅವರು ಹಳೆಯ ಪಲ್ಲವಿ ತಿರುಗಿಸುತ್ತಿದ್ದರು. ಬೇಕಂತಲ್ಲ, ಹತ್ತರಲ್ಲಿ ಎಂಟು ಸಲ ನಾಲಿಗೆ ತಾನೇ ಅಲ್ಲಿಗೆ ಹೋಗುತ್ತಿತ್ತು. ಇನ್ನೂ ನಾಚಿಕೆಯ ಮಾತೆಂದರೆ, ಎರಡು ಸಲ ನನ್ನ ನಾಲಿಗೆಯೂ ಹೋಯಿತು. ಒಲೆಯ ಮುಂದೆ ಕುಂತವಳು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸಿಪ್ಪೆ ಸರಿಯಾಗಿ ತಾಳಕ್ಕೆ ಒಲೆಗೆ ಬಿತ್ತು.

ಸೋಮವಾರ ಬಂತು. ಹುಡುಗನ ತಂದೆ ತಾಯಿ, ಇಬ್ಬರು ಹಿರಿಯರು, ಒಂದು ಸವಾರಿ ಬಂಡಿಯಲ್ಲಿ. ತಂದೆ ಮಾತು ಕಡಿಮೆ, ತಾಯಿ ನಗೆಮುಖದವಳು, ಇಳಿಯುವಾಗಲೇ ಗಾಣದ ಎಲ್ಲರಿಗೂ ಆರಾಮ ಕೇಳಿದಳು. ಕಾಕಾ ಕಂಬಳಿ ಹಾಸಿದ. ಗೌರವ್ವ ಕಬ್ಬಿನ ತುಂಡಿಗೆ ಬಿಸಿ ಬೆಲ್ಲ ಸುತ್ತಿ ಸುತ್ತಿ ಕೊಟ್ಟಳು. ನಾನು ಬೆಳಿಗ್ಗೆಯೇ ಎಲ್ಲರಿಗೂ ಕೈ ಮುಗಿದು, ಇದೊಂದು ದಿನ ನನ್ನ ಬೆಲ್ಲದ ಸಾಲು ಹಾಡಿ ಎಂದು ಕೇಳಿಕೊಂಡಿದ್ದೆ. ನಾನು ಯಾರಿಗೂ ಕೈ ಮುಗಿಯುವವನಲ್ಲ, ಅದಕ್ಕೇ ಅವರು ಒಪ್ಪಿದ್ದರು. ನಾಲ್ಕು ಸುತ್ತು ಚೆನ್ನಾಗಿ ನಡೆಯಿತು. ಹಾಲ ಹರದ ಬಂದೈತಿ, ಬೆಲ್ಲ ಕುಂತೈತಿ.

ಐದನೆಯ ಸುತ್ತಿಗೆ ಹುಡುಗನ ತಾಯಿ ಬೆಲ್ಲ ಚೀಪುತ್ತ ತಲೆ ಆಡಿಸಿದಳು.

"ಧಾಟಿ ಅದ ಐತಿ, ಮಾತ ಯಾಕ ಬ್ಯಾರೆ ಹಾಡಾಕತ್ತೀರಿ? ನಮ್ಮೂರಾಗ ಹಿಂಗ ಹಾಡಂಗಿಲ್ಲ" ಅಂದವಳೇ ತಾನೇ ಎತ್ತಿದಳು. ಹೊಳಿ ದಾಟಿ ಹೋದಾಳ ಹೊಸ ಸೀರಿ ಉಟಗೊಂಡ. ಒಳ್ಳೆಯ ಕಂಠ. ನಮ್ಮವರಿಗೆ ಅಷ್ಟೇ ಬೇಕಾಗಿತ್ತು, ಕಟ್ಟೆ ಒಡೆದಂತೆ ಹಾಡಿದರು. ಎತ್ತುಗಳು ಕಿವಿ ನೆಟ್ಟಗೆ ಮಾಡಿ ಓಡಿದವು. ಅಂಬಿಗನ ನುಡಿ ಬಂತು, ಚೇಳಿನ ನುಡಿ ಬಂತು. ಆಕೆಗೆ ಎಲ್ಲವೂ ಬಾಯಿಪಾಠ. ನಾನು ತೊಲೆಯ ಹಿಂದೆ ನಡೆಯುತ್ತ ಹಲ್ಲು ಕಚ್ಚಿದ್ದೆ. ನಿಲ್ಲಿಸಿ ಎಂದು ಕೂಗಬೇಕೆಂದರೆ ಯಾಕೆಂದು ಹೇಳಲಿ?

ಆಮೇಲೆ ಮನೆಯಲ್ಲಿ ಆದದ್ದನ್ನು ನಾನು ನೋಡಲಿಲ್ಲ, ಕಾಶವ್ವ ಹೇಳಿದ್ದು. ಬಳೆಗಾರ ಕುಂತ. ಮೊದಲು ಕಾಶವ್ವನಿಗೆ ಇಡಬೇಕು. ಗೌರವ್ವ ತಡೆದು, ಮೊದಲು ನನ್ನ ಕೈಗೆ ಇಡು ಅಂದಳಂತೆ. ಎಲ್ಲರೆದುರಿಗೆ ತಾನೇ ಅರಿವೆ ಬಿಚ್ಚಿ ಕೈ ಚಾಚಿದಳಂತೆ. ಮಗಳ ಕೈಗೆ ಬಳೆ ಬಿದ್ದ ಮೇಲೆ ಗೊತ್ತಾಗಿ, ಅವಳನ್ನು ಅವರ ಮನೆಯಲ್ಲಿ ಜನ್ಮವೆಲ್ಲ ಅಂದಾಡುವುದಕ್ಕಿಂತ ಈಗಲೇ ಆಗಲಿ ಅಂತ. ಹುಡುಗನ ತಾಯಿ ಇನ್ನೂ ಗುನುಗುತ್ತಿದ್ದವಳು ನಿಲ್ಲಿಸಿದಳು. ಯಾರೂ ಜಗಳಾಡಲಿಲ್ಲ. ನೀರು ಕುಡಿದು, ಮಂಗಳವಾರ ಹೇಳಿ ಕಳಿಸುತ್ತೇವೆ ಅಂದು ಎದ್ದರು. ಬಳೆಗಾರ ಬಳೆಗಳನ್ನು ಮತ್ತೆ ದಾರಕ್ಕೆ ಪೋಣಿಸಿಕೊಂಡು ಹೋದ.

ಮಂಗಳವಾರ ಯಾರೂ ಬರಲಿಲ್ಲ. ಬುಧವಾರವೂ. ಗುರುವಾರ ನಾನು ಎತ್ತು ಶಿವಲಿಂಗನ ಕೈಗೆ ಕೊಟ್ಟು ಮೂಡಲಗಿ ಹಾದಿ ಹಿಡಿದೆ. ನನ್ನ ತಪ್ಪು ನಾನು ಹೇಳುತ್ತೇನೆ, ಗಂಡಸಾಗಿ ಹೇಳುತ್ತೇನೆ, ಅದು ಕೇಳಿದರೆ ಅವರ ಮನಸ್ಸು ತಿರುಗುತ್ತದೆ ಅಂತ ನನ್ನ ನಂಬಿಕೆ. ಹುಡುಗನ ತಂದೆ ಕಟ್ಟೆಯ ಮೇಲೆ ಕುಂತು ಬಾರಕೋಲಿಗೆ ಚರ್ಮ ಸುತ್ತುತ್ತಿದ್ದರು. ಕೂಡು ಅಂದರು, ಚಹಾ ಕೊಡಿಸಿದರು. ನಾನು ನಿಂತುಕೊಂಡೇ ಹೇಳಿದೆ.

"ಆ ಹೊಸ ಸೀರಿ ಸಾಲ ನಾ ಕಟ್ಟಿದ್ದರಿ, ಯಜಮಾನ್ರ. ಪ್ರಾಸ ಕೂಡಲಿ ಅಂತ ಕಟ್ಟೇನಿ. ಅದು ಸುಳ್ಳರಿ. ಆಕಿ ಮೈಮ್ಯಾಲ ಹರಕ ಸೀರಿ ಇತ್ತರಿ."

ಅವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು. ಸಿಟ್ಟಾಗಲಿಲ್ಲ.

"ಅಂದ್ರ ಆ ಸಾಲೊಂದ ಸುಳ್ಳಂತಿ" ಅಂದರು. "ಉಳದದ್ದ ಎಲ್ಲಾ ಖರೆ ಆತಲ್ಲೋ."

ಹಾಗಲ್ಲರಿ, ಅಂಬಿಗ ಮುದುಕನರಿ, ಕೂಸಿಗೆ ಜ್ವರ ಇತ್ತರಿ ಎಂದೆ. ನೀನು ನೋಡಿದೆಯಾ ಅಂದರು. ನೋಡಿಲ್ಲ. ಮತ್ತೆ ಯಾರು ಹೇಳಿದರು ಅಂದರು. ಗೌರವ್ವ ಹೇಳಿದಳು ಎಂದೆ. ಅವರು ತಲೆ ಆಡಿಸಿ ಚರ್ಮ ಸುತ್ತುವುದಕ್ಕೆ ತೊಡಗಿದರು. ತಿರುಗಿ ಬರುವಾಗ ಹಾದಿಯುದ್ದಕ್ಕೂ ಹತ್ತು ಉತ್ತರ ಹೊಳೆದವು, ಒಂದೂ ಆ ಕಟ್ಟೆಯ ಮುಂದೆ ಹೊಳೆಯಲಿಲ್ಲ. ಸಾಲಿ ಕಲಿತಿದ್ದರೆ ಹೊಳೆಯುತ್ತಿತ್ತೋ ಏನೋ. ಹಾಡಿನಲ್ಲಿ ಒಂದು ಸುಳ್ಳು ಸೇರಿಸುವಷ್ಟು ಬುದ್ಧಿ ಇದ್ದವನಿಗೆ ಒಂದು ಖರೆ ಮಾತು ನೆಟ್ಟಗೆ ನಿಲ್ಲಿಸುವ ಬುದ್ಧಿ ಇರಲಿಲ್ಲ. ನನ್ನ ಮೇಲೆ, ಅವರ ಮೇಲೆ, ಆ ಹಗ್ಗದ ಮುದುಕನ ಮೇಲೆ, ಹಾದಿಯ ಧೂಳಿನ ಮೇಲೆ ಕೂಡ ಸಿಟ್ಟು.

ಗಾಣಕ್ಕೆ ಬಂದವನೇ ಗೌರವ್ವನಿಗೆ ಎಲ್ಲವನ್ನೂ ಹೇಳಿದೆ, ಸೀರೆಯ ಸಾಲಿನಿಂದ ಹಿಡಿದು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಒಂದು ಹಿಡಿ ಸಿಪ್ಪೆ ಒಲೆಗೆ ಹಾಕಿದಳು.

"ಯಾ ಬಣ್ಣದ ಸೀರಿ ಅಂತ ಮಾಡಿದ್ದಿ, ತಮ್ಮಾ?" ಅಂದಳು.

ನಾನು ಬಣ್ಣ ಯೋಚಿಸಿಯೇ ಇರಲಿಲ್ಲ. ಅದು ಬರೀ ಒಂದು ಶಬ್ದವಾಗಿತ್ತು.

ಅಂದಿನಿಂದ ಅವಳು ಕೈಗೆ ಅರಿವೆ ಸುತ್ತಲಿಲ್ಲ. ಸಂಗತಿ ಎಲ್ಲರಿಗೂ ಗೊತ್ತಾಗಿತ್ತು. ಶಿವಲಿಂಗ ಎರಡು ದಿನ ಅವಳ ಮುಂದೆ ತಲೆ ಎತ್ತದೆ ಓಡಾಡಿದ. ಹಾಡು ತಾನಾಗಿ ನಿಂತಿತು. ಎತ್ತು ಕಾಲೆಳೆದವು, ಬೆಲ್ಲ ಕಪ್ಪಾಯಿತು.

ಗಾಣ ಕೀಳುವ ಮುನ್ನಾದಿನ. ಬಿಸಿಲು ಏರಿತ್ತು. ಕೊನೆಯ ಹೊರೆ ಕಬ್ಬು, ಬೆಳ್ಳನ ಎತ್ತು ನಿಂತು ನನ್ನ ಮುಖ ನೋಡುತ್ತಿತ್ತು. ಕೊಪ್ಪರಿಗೆಯ ಹಾಲು ಆರತೊಡಗಿತ್ತು. ಆಗ ಒಲೆಯ ಮುಂದಿನಿಂದ ಗೌರವ್ವ ಎತ್ತಿದಳು. ಧಾಟಿ ಅದೇ. ಮಾತು ಅವಳದು. ಎತ್ತುಗಳು ಹೊರಟವು. ಕೂಸಿನ ಜ್ವರ ಬಂತು ಅದರಲ್ಲಿ, ಮುದುಕನ ಕಂಬಳಿ ಬಂತು, ಆಚೆ ದಂಡೆಯಲ್ಲಿ ಯಾರೋ ಕೊಟ್ಟ ಮಜ್ಜಿಗೆ ಬಂತು. ಪ್ರಾಸ ಕೂಡಿರಲಿಲ್ಲ. ಒಂದು ಸಾಲು ಉದ್ದ, ಒಂದು ಗಿಡ್ಡ, ಉಸಿರು ಸಾಲದೆ ನಡುವೆ ನಿಲ್ಲುತ್ತಿದ್ದಳು. ನಾವು ಯಾರೂ ತಿರುಗಿ ಹಾಡಲಿಲ್ಲ. ಹಾಡಲಿಕ್ಕೆ ಬರಲಿಲ್ಲ. ಕಬ್ಬು ಮುಗಿಯುವ ತನಕ ಅವಳು ಒಬ್ಬಳೇ ಹಾಡಿದಳು.

ಎರಡು ವರ್ಷದ ಮೇಲೆ ಕಾಶವ್ವನ ಮದುವೆ ಗೋಕಾಕದ ಕಡೆಗೆ ಆಯಿತು, ಒಳ್ಳೆಯ ಮನೆ. ಗೌರವ್ವ ಮಗಳ ಹತ್ತಿರವೇ ಇದ್ದು ಅಲ್ಲಿಯೇ ತೀರಿಕೊಂಡಳು. ಅದಾದ ಮೇಲೂ ಎಷ್ಟೋ ವರ್ಷ ಸಂತೆಗಳಲ್ಲಿ, ಮದುವೆಯ ಬಂಡಿಗಳಲ್ಲಿ ನನ್ನ ಸಾಲು ನನಗೆ ಎದುರು ಬರುತ್ತಿತ್ತು. ನಿಲ್ಲಿಸಿ, ಇದು ಸುಳ್ಳು ಅಂತ ಹೇಳುತ್ತಿದ್ದೆ. ಜನ ನಗುತ್ತಿದ್ದರು. ಕೆಲವರ ಕೂಡ ಜಗಳವೂ ಆಯಿತು. ಖರೆ ಹಾಡು ಯಾವುದು, ಹಾಡಿ ತೋರಿಸು ಅಂತ ಅವರು ಕೇಳಿದಾಗ ಮಾತ್ರ ನಾನು ಸೋಲುತ್ತಿದ್ದೆ. ಅವಳು ಅಷ್ಟು ಹೊತ್ತು ಹಾಡಿದ್ದನ್ನು ಎತ್ತುಗಳ ಹಿಂದೆ ನಡೆಯುತ್ತ ಪೂರ್ತಿ ಕೇಳಿದವನು ನಾನು. ಕೇಳುವಾಗ ಕಣ್ಣು ತುಂಬಿದ್ದು ನೆನಪಿದೆ. ಕಂಬಳಿ, ಮಜ್ಜಿಗೆ ಅನ್ನುವ ಶಬ್ದಗಳು ನೆನಪಿವೆ. ಎಷ್ಟು ತಿಣುಕಿದರೂ ಅದರ ಒಂದು ಸಾಲೂ ನನಗೆ ಬರುವುದಿಲ್ಲ.